ಕಡಲಿಗೆ ಬೆನ್ನು ಕೊಟ್ಟು ಕೂತ ಕಡಲೂರು

ಗ್ರೀಸಿನ ಕಾರ್ದಮಿಲಿಯ ಪೇಟೆಬೀದಿ ಕಡಲಿನ ಮಗ್ಗುಲಲ್ಲೇ ಸಾಗುತ್ತದೆ. ಎರಡೂ ಬದಿಗೆ ಕಲ್ಲಿನ ಮನೆಗಳು, ದಿನಸಿ ಅಂಗಡಿ, ಬೇಕರಿ, ಕಾಫಿ ಅಂಗಡಿ. ಒಂದು ಸಾಲಿನ ಮನೆಗಳ ಹಿತ್ತಿಲು ದಾಟಿದರೆ ನೀರು. ಬೀದಿಯ ಈ ತುದಿಯಿಂದ ಆ ತುದಿಗೆ ನಡೆದು ಮುಗಿಸಲು ಹೆಚ್ಚು ಹೊತ್ತು ಬೇಡ. ಬಂದವರಲ್ಲಿ ಬಹಳ ಮಂದಿ ಇದೇ ಊರು ಅಂದುಕೊಳ್ಳುತ್ತಾರೆ. ಆದರೆ ಹಳೆಯ ಊರು ಇಲ್ಲಿಲ್ಲ. ಅದನ್ನು ನೋಡಬೇಕಾದರೆ ಕಡಲಿಗೆ ಬೆನ್ನು ಹಾಕಿ ಆಲಿವ್ ಮರಗಳ ನಡುವೆ ಬೆಟ್ಟದ ಕಡೆಗೆ ನಡೆಯಬೇಕು. ಸುತ್ತ ಗೋಡೆ, ನಡುವೆ ಬುರುಜು, ಬುರುಜಿನ ಪಕ್ಕದಲ್ಲಿ ಸಂತ ಸ್ಪಿರಿಡಾನನ ಚರ್ಚು. ದಡದಲ್ಲಿ ಇಷ್ಟು ಚೆಂದದ ಜಾಗ ಬಿಟ್ಟು ಇವರು ಒಳಗೆ ಹೋಗಿ ಯಾಕೆ ಕೂತರು ಎಂಬ ಪ್ರಶ್ನೆ ಅಲ್ಲಿ ನಿಂತಾಗ ತಾನಾಗಿ ಏಳುತ್ತದೆ.

ಪ್ರಶ್ನೆ ಹೊಸದಲ್ಲ. ಕ್ರಿಸ್ತಶಕ ಎರಡನೇ ಶತಮಾನದಲ್ಲಿ ಗ್ರೀಸನ್ನು ಊರೂರು ಸುತ್ತಿ ಬರೆದಿಟ್ಟ ಪೌಸೇನಿಯಸ್ ಈ ಊರಿಗೂ ಕೆಲವು ಸಾಲು ಕೊಟ್ಟಿದ್ದಾನೆ. ಕಾರ್ದಮಿಲಿ ಸಮುದ್ರದಿಂದ ಎಂಟು ಸ್ಟೇಡಿಯಾ ದೂರ ಎನ್ನುತ್ತಾನೆ. ನಮ್ಮ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೂವರೆ ಕಿಲೋಮೀಟರ್. ದಡದ ಹತ್ತಿರ ಇದ್ದದ್ದು ಕಡಲದೇವತೆ ನೀರಿಯಸನ ಹೆಣ್ಣುಮಕ್ಕಳಿಗೆ ಮೀಸಲಾದ ಒಂದು ಪವಿತ್ರ ಸ್ಥಳ. ಟ್ರಾಯ್ ಯುದ್ಧದ ವೀರ ಅಕಿಲೀಸನ ಮಗ ಪಿರ್ರಸ್ ಮದುವೆಗೆಂದು ಸ್ಪಾರ್ಟಾಕ್ಕೆ ಹೊರಟಾಗ ಅವನನ್ನು ನೋಡಲು ಆ ಹೆಣ್ಣುಮಕ್ಕಳು ನೀರಿನಿಂದ ಮೇಲೆ ಬಂದರಂತೆ. ಅಕಿಲೀಸನ ತಾಯಿ ಥೆಟಿಸ್ ಕೂಡ ನೀರಿಯಸನ ಮಗಳೇ. ಅಂದಮೇಲೆ ಮೊಮ್ಮಗ ಮದುಮಗನಾಗಿ ಹೊರಟದ್ದನ್ನು ಕಣ್ತುಂಬ ನೋಡಲು ಅಜ್ಜಿಯಂದಿರು ಕಡಲಿನಿಂದ ಎದ್ದು ಬಂದ ಕತೆ ಇದು. ಮನುಷ್ಯರ ಮನೆಗಳು ಒಳಗಿದ್ದವು, ದಡ ದೇವತೆಗಳದಾಗಿತ್ತು.

ಗ್ರೀಸಿನ ಕಡಲೂರಿಗೆ ರಜೆಗೆ ಹೋಗುವವರು ಇದೊಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು ಎಂದು ನನಗನ್ನಿಸುತ್ತದೆ. ಇಂಥ ಊರುಗಳ ಬದುಕು ನೂರಾರು ವರ್ಷ ಬೆಟ್ಟದ ಕಡೆಗೇ ಇತ್ತು. ಹೊಲ, ತೋಟ, ಕುರಿ, ನೆಂಟಸ್ತನ, ಜಗಳ ಎಲ್ಲ ಮೇಲೆ. ಊರು ಕಡಲ ಕಡೆಗೆ ಮುಖ ತಿರುಗಿಸಿದ್ದು ತೀರ ಈಚೆಗೆ. ಹಾಗಾಗಿ ಈಜಿ, ಉಂಡು, ಮಲಗಿ ವಾಪಸಾದವರು ಒಳ್ಳೆಯ ರಜೆ ಕಳೆದಿರುತ್ತಾರೆ ನಿಜ, ಊರನ್ನು ಮಾತ್ರ ನೋಡಿರುವುದಿಲ್ಲ.

ಪೆಲೊಪೊನೀಸ್ ಎಂಬ ದೊಡ್ಡ ಪರ್ಯಾಯದ್ವೀಪದ ದಕ್ಷಿಣಕ್ಕೆ ಮೂರು ನೆಲದ ಬೆರಳುಗಳು ಸಮುದ್ರಕ್ಕೆ ಚಾಚಿವೆ. ನಡುವಿನ ಬೆರಳು ಮಾನಿ. ಅದರ ಪಶ್ಚಿಮ ಅಂಚಿನಲ್ಲಿ, ಕಲಮಾಟ ಪಟ್ಟಣದಿಂದ ಸುಮಾರು 35 ಕಿಲೋಮೀಟರ್ ಆಚೆ, ಕಾರ್ದಮಿಲಿ ಇದೆ. ವರ್ಷಪೂರ್ತಿ ಇರುವವರು ಕೆಲವೇ ನೂರು ಜನ. ಕಲಮಾಟದಿಂದ ಬರುವ ರಸ್ತೆ ದಡ ಬಿಟ್ಟು ಬೆಟ್ಟ ಹತ್ತುತ್ತದೆ, ತಿರುವು ತಿರುವಾಗಿ ಕಣಿವೆ ಬಳಸುತ್ತದೆ, ಕೊನೆಯ ಏರು ಮುಗಿದಾಗ ಇಡೀ ಕೊಲ್ಲಿ ಒಮ್ಮೆಗೇ ಕಣ್ಣ ಕೆಳಗೆ ತೆರೆದುಕೊಳ್ಳುತ್ತದೆ. ಕೆಳಗೆ ಕೆಂಪು ಹೆಂಚಿನ ಕಲ್ಲುಮನೆಗಳು, ಎದುರಿಗೆ ನೀರಿನಲ್ಲಿ ಮೆರೋಪಿ ಎಂಬ ಚಿಕ್ಕ ದ್ವೀಪ, ಹಿಂದೆ ಟೈಗೆಟಸ್ ಬೆಟ್ಟಸಾಲು. ಬಿಳಿ ಗೋಡೆ, ನೀಲಿ ಗುಮ್ಮಟದ ಗ್ರೀಸ್ ನಮ್ಮ ಕಣ್ಣಿನಲ್ಲಿ ಕೂತಿದೆಯಲ್ಲ, ಅದು ಏಜಿಯನ್ ಸಮುದ್ರದ ಸೈಕ್ಲೇಡ್ಸ್ ದ್ವೀಪಗಳ ಚಿತ್ರ. ಇಲ್ಲಿ ಗೋಡೆಗೆ ಸುಣ್ಣವಿಲ್ಲ. ಬೆಟ್ಟದ್ದೇ ಕಲ್ಲು, ಬೆಟ್ಟದ್ದೇ ಬಣ್ಣ.

ಟೈಗೆಟಸ್‌ನ ಅತಿ ಎತ್ತರದ ಶಿಖರ ಸುಮಾರು 2,400 ಮೀಟರ್. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್ ಎಂಬುದು ನೆನಪಿದ್ದರೆ ಕಡಲ ದಡದಿಂದಲೇ ಏಳುವ ಈ ಗೋಡೆಯ ಎತ್ತರ ಊಹೆಗೆ ಬರುತ್ತದೆ. ಶಿಖರಕ್ಕೆ ಪ್ರವಾದಿ ಎಲಿಯನ ಹೆಸರು. ಪ್ರತಿವರ್ಷ ಜುಲೈ 20ರ ಅವನ ಹಬ್ಬಕ್ಕೆ ಜನ ಹಿಂದಿನ ದಿನವೇ ಹತ್ತಿ ಹೋಗಿ ರಾತ್ರಿ ಅಲ್ಲಿ ಬೆಂಕಿ ಹಚ್ಚುತ್ತಾರೆ. ಬೇಸಿಗೆಯಲ್ಲಿ ಕೆಳಗೆ ಜನ ಈಜುತ್ತಿರುವಾಗಲೂ ಊರಿನ ಲೆಕ್ಕ ಮೇಲಿನದ್ದೇ.

ಬುರುಜಿಗೆ ಬರೋಣ. ಮಾನಿಯ ಜನ ಒಟ್ಟೋಮನ್ ಆಳ್ವಿಕೆಯ ಕಾಲದಲ್ಲೂ ಹೆಚ್ಚುಕಡಿಮೆ ತಮ್ಮದೇ ಕಟ್ಟಳೆಯಲ್ಲಿ ಬದುಕಿದವರು. ಕಪ್ಪ ಒಪ್ಪಿಸುವ ಮಾತಾಗುತ್ತಿತ್ತು, ಒಪ್ಪಿಸಿದ್ದು ಒಮ್ಮೊಮ್ಮೆ. ಕಡಲಿನಿಂದ ಕಡಲ್ಗಳ್ಳರ ಭಯ. ಮಾನಿಯವರೇ ಕಡಲ್ಗಳ್ಳತನಕ್ಕೆ ಹೆಸರಾದದ್ದೂ ಉಂಟು. ಒಳಗೆ ಮನೆತನ ಮನೆತನಗಳ ನಡುವೆ ತಲೆಮಾರುಗಟ್ಟಲೆ ಸೇಡು. ಹಾಗಾಗಿ ಮನೆ ಕಟ್ಟುವವನು ಮೊದಲು ಎತ್ತರ ನೋಡುತ್ತಿದ್ದ, ಕಿಟಕಿಯನ್ನು ಕೋವಿ ಹಿಡಿಯುವಷ್ಟೇ ಅಗಲ ಇಡುತ್ತಿದ್ದ. ಹಳೆಯ ಕಾರ್ದಮಿಲಿಯ ಬುರುಜು ಮುರ್ಜಿನೋಸ್ ಮನೆತನದ್ದು. 1821ರ ಜನವರಿಯಲ್ಲಿ ಗ್ರೀಕ್ ಸ್ವಾತಂತ್ರ್ಯ ಹೋರಾಟದ ದಂಡನಾಯಕ ಥಿಯೊಡೊರೊಸ್ ಕೊಲೊಕೊಟ್ರೋನಿಸ್ ಗುಟ್ಟಾಗಿ ಮಾನಿಗೆ ಬಂದಾಗ ಆಶ್ರಯ ಕೊಟ್ಟದ್ದು ಈ ಮನೆತನವೇ. ಎರಡು ತಿಂಗಳ ನಂತರ ಮಾನಿಯ ಪಡೆ ಕಲಮಾಟಕ್ಕೆ ನುಗ್ಗಿತು, ಮಾರ್ಚ್ 23ರಂದು ಪಟ್ಟಣ ಕೈವಶವಾಯಿತು. ಆಲಿವ್ ಮರಗಳ ನಡುವೆ ಈಗ ಮೌನವಾಗಿ ನಿಂತಿರುವ ಈ ಅಂಗಳದಲ್ಲಿ ಒಂದು ದೇಶ ಹುಟ್ಟುವ ಮಾತುಕತೆ ನಡೆದಿತ್ತು ಎಂಬುದು ಗೊತ್ತಿದ್ದು ನೋಡುವುದಕ್ಕೂ ಗೊತ್ತಿಲ್ಲದೆ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಬೆಟ್ಟ ಪೂರ್ವಕ್ಕಿದೆ, ಕಡಲು ಪಶ್ಚಿಮಕ್ಕೆ. ಊರಿನ ದಿನಚರಿ ನಿಗದಿಯಾಗುವುದು ಇದರಿಂದ. ಸೂರ್ಯ ಹುಟ್ಟಿ ಎಷ್ಟೋ ಹೊತ್ತಾದರೂ ಟೈಗೆಟಸ್ ಹತ್ತಿ ಇಳಿಯುವವರೆಗೆ ಊರಿಗೆ ಬಿಸಿಲಿಲ್ಲ. ಬೇಸಿಗೆಯಲ್ಲಿ ಈ ನೆರಳಿನ ಹೊತ್ತು ದೊಡ್ಡ ವರ. ಅಂಗಡಿಯವರು ಬೀದಿಗೆ ನೀರು ಚಿಮುಕಿಸುವುದು, ಬೇಕರಿಯಲ್ಲಿ ರೊಟ್ಟಿ ಖಾಲಿಯಾಗುವುದು, ವಯಸ್ಸಾದವರು ಸಮುದ್ರಕ್ಕಿಳಿದು ಕತ್ತಿನವರೆಗೆ ನೀರಿನಲ್ಲಿ ನಿಂತು ಹರಟುವುದು ಎಲ್ಲ ಆಗಲೇ. ದಡದಲ್ಲಿ ಮರಳು ಕಡಿಮೆ. ಊರಿನ ಉತ್ತರಕ್ಕೆ ಚಾಚಿರುವ ರಿತ್ಸಾ ದಡದ ತುಂಬ ನುಣುಪಾದ ಬಿಳಿ, ಬೂದು, ತಿಳಿಗೆಂಪು ಕಲ್ಲುಗಳು. ಬರಿಗಾಲಿನಲ್ಲಿ ನಡೆದರೆ ನೋಯುತ್ತದೆ, ನೀರಿಗಿಳಿಯಲು ರಬ್ಬರ್ ಚಪ್ಪಲಿ ಬೇಕು. ಆದರೆ ಮರಳು ಕಲಕದ ಕಾರಣ ನೀರು ಎಷ್ಟು ತಿಳಿ ಎಂದರೆ ಎದೆಮಟ್ಟದಲ್ಲಿ ನಿಂತು ಕಾಲಬೆರಳು ಎಣಿಸಬಹುದು. ಅಲೆ ಹಿಂದೆ ಸರಿಯುವಾಗ ಸಾವಿರಾರು ಕಲ್ಲು ಒಂದರ ಮೇಲೊಂದು ಉರುಳುವ ಸದ್ದು ಬೇರೆ. ಮರಳಿನ ದಡದಲ್ಲಿ ಬೆಳೆದ ನಮ್ಮ ಕರಾವಳಿಯವರ ಕಿವಿಗೆ ಅದು ಹೊಸದು. ದಕ್ಷಿಣಕ್ಕೆ ಹೋದರೆ ಫೊನೇಯಾಸ್ ಎಂಬ ಕೊಲ್ಲಿ, ಬಂಡೆಗಳ ನಡುವೆ ಅಡಗಿದ್ದು, ನೀರಿನೊಳಗೇ ದೊಡ್ಡ ಬಂಡೆ ನಿಂತಿದೆ. ಹುಡುಗರು ಅದನ್ನು ಹತ್ತಿ ಧುಮುಕುತ್ತಾರೆ.

ಮಧ್ಯಾಹ್ನ ಮೂರರ ಮೇಲೆ ಊರಿನ ಬಾಗಿಲು ಮುಚ್ಚುತ್ತದೆ. ಇದು ಬರಿಯ ಸೋಮಾರಿತನದ ರೂಢಿ ಎಂದು ತಿಳಿಯಬಾರದು. ಬೇಸಿಗೆಯಲ್ಲಿ ಮಧ್ಯಾಹ್ನ 3ರಿಂದ 5.30ರವರೆಗೆ ಮತ್ತು ರಾತ್ರಿ 11ರಿಂದ ಬೆಳಿಗ್ಗೆ 7ರವರೆಗೆ ಗದ್ದಲ ಮಾಡಬಾರದು ಎಂದು ಗ್ರೀಸಿನಲ್ಲಿ ಪೊಲೀಸ್ ನಿಯಮವೇ ಇದೆ. ಪಕ್ಕದ ಮನೆಯ ಗೋಡೆಗೆ ಡ್ರಿಲ್ ಹಾಕಿದರೆ ದೂರು ಕೊಡಬಹುದು. ಬೆಂಗಳೂರಿನಿಂದ ಹೋದವರಿಗೆ ಮೊದಲ ದಿನ ಈ ಎರಡೂವರೆ ಗಂಟೆಯನ್ನು ಏನು ಮಾಡುವುದೆಂದೇ ತೋಚುವುದಿಲ್ಲ. ನೋಡಲು ಒಂದು ಜಾಗವಿಲ್ಲ, ಕೊಳ್ಳಲು ಒಂದು ಅಂಗಡಿಯಿಲ್ಲ. ಕಿಟಕಿಯ ಮರದ ಬಾಗಿಲು ಎಳೆದುಕೊಂಡು ಮಲಗುವುದನ್ನು ಕಲಿಯಬೇಕು. ಕಲಿತ ಮೇಲೆ ರಾತ್ರಿ ಊಟ ಒಂಬತ್ತೂವರೆಗೆ ಶುರುವಾಗುವುದು ಯಾಕೆ, ಪುಟ್ಟ ಮಕ್ಕಳು ಹನ್ನೊಂದಕ್ಕೂ ಚೌಕದಲ್ಲಿ ಚೆಂಡಾಡುವುದು ಹೇಗೆ ಎಂಬುದೆಲ್ಲ ಅರ್ಥವಾಗುತ್ತದೆ. ಸಂಜೆ ಬಿಸಿಲು ಇಳಿದ ಮೇಲೆ ಇಡೀ ಊರು ಬೀದಿಗೆ ಬರುತ್ತದೆ. ಸೂರ್ಯ ಕೊಲ್ಲಿಯಾಚೆ ಮುಳುಗುವಾಗ ಹಿಂದೆ ತಿರುಗಿ ನೋಡಬೇಕು. ಬೆಟ್ಟದ ಬೋಳು ಶಿಖರಗಳು ಗುಲಾಬಿಯಾಗಿ, ನೇರಳೆಯಾಗಿ, ಬೂದಿಯಾಗುವುದು ಆಗ. ಕ್ಯಾಮೆರಾಗಳೆಲ್ಲ ನೀರಿನ ಕಡೆಗೇ ತಿರುಗಿರುತ್ತವೆ.

ಸಸ್ಯಾಹಾರಿಗಳಿಗೆ ಅಲ್ಲಿ ಏನು ಸಿಗುತ್ತದೆ ಎಂದು ನಮ್ಮವರು ಕೇಳಿಯೇ ಕೇಳುತ್ತಾರೆ. ಯುರೋಪಿನಲ್ಲಿ ಗ್ರೀಸಿನಷ್ಟು ಸಲೀಸಾದ ದೇಶ ಅವರಿಗೆ ಇನ್ನೊಂದಿಲ್ಲ ಎಂದು ಧೈರ್ಯವಾಗಿ ಹೇಳುತ್ತೇನೆ. ಕಾರಣ ಅಲ್ಲಿನ ಧರ್ಮ. ಆರ್ಥೊಡಾಕ್ಸ್ ಕ್ರೈಸ್ತರಲ್ಲಿ ಉಪವಾಸದ ದಿನಗಳು ವರ್ಷದ ಅರ್ಧಕ್ಕೆ ಹತ್ತಿರ ಬರುತ್ತವೆ. ಬುಧವಾರ, ಶುಕ್ರವಾರ, ಈಸ್ಟರಿಗೆ ಮುಂಚಿನ ದೀರ್ಘ ವ್ರತ, ಮೇರಿಮಾತೆಯ ಹಬ್ಬಕ್ಕೆ ಮುಂಚೆ ಆಗಸ್ಟ್ 1ರಿಂದ 14. ಈ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು, ಗಿಣ್ಣು ಯಾವುದೂ ಇಲ್ಲ. ಎಲ್ಲರೂ ಇದನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಾರೆಂದಲ್ಲ, ಆದರೆ ಅಡುಗೆಮನೆಗೆ ಆ ಅಭ್ಯಾಸವಿದೆ. ‘ನಿಸ್ತಿಸಿಮೊ’ ಏನಿದೆ ಎಂದು ಕೇಳಿದರೆ ಉಪವಾಸದ ಅಡುಗೆಗಳನ್ನು ಹೇಳುತ್ತಾರೆ. ಒಂದು ಎಚ್ಚರ: ಅವರ ವ್ರತದಲ್ಲಿ ಸಿಗಡಿ, ಆಕ್ಟೋಪಸ್ ತಿನ್ನಬಹುದು. ಹಾಗಾಗಿ ಕಡಲಿನದ್ದೂ ಬೇಡ ಎಂದು ಬಿಡಿಸಿ ಹೇಳಬೇಕು. ಉಳಿದದ್ದೆಲ್ಲ ನಮ್ಮದೇ ಬಾಯಿಗೆ ಹಿಡಿಸುವಂಥದ್ದು. ಬಟಾಣಿಬೇಳೆಯನ್ನು ನುಣ್ಣಗೆ ಬೇಯಿಸಿ ಮೇಲೆ ಹಸಿ ಈರುಳ್ಳಿ, ಎಣ್ಣೆ ಹಾಕಿದ ಫಾವ. ಟೊಮೆಟೊ ರಸದಲ್ಲಿ ಬೆಂದ ದಪ್ಪ ಬಿಳಿ ಅವರೆಯಂಥ ಕಾಳು. ಅಕ್ಕಿ ತುಂಬಿ ಒಲೆಯಲ್ಲಿ ಸುಟ್ಟ ಟೊಮೆಟೊ, ದೊಣ್ಣೆಮೆಣಸು. ಬೆಟ್ಟದಿಂದ ಕಿತ್ತು ತಂದ ಸೊಪ್ಪನ್ನು ಬೇಯಿಸಿ ನಿಂಬೆ ಹಿಂಡಿದ್ದು. ಖಾರ ಮಾತ್ರ ಇರುವುದಿಲ್ಲ.

ಮಾನಿಯದ್ದೇ ಆದ ತಿಂಡಿ ಲಲಾಂಗಿಯಾ. ಹುಳಿ ಬರಿಸಿದ ಗೋಧಿ ಹಿಟ್ಟನ್ನು ಅಂಗೈಯಲ್ಲಿ ಹೊಸೆದು ಉದ್ದ ಹುರಿ ಮಾಡುತ್ತಾರೆ, ಮಡಚಿ ಸುತ್ತಿ, ಕಾದ ಆಲಿವ್ ಎಣ್ಣೆಗೆ ಬಿಡುತ್ತಾರೆ. ಹೊಸೆಯುವ ಕೈಯನ್ನಷ್ಟೇ ನೋಡಿದರೆ ಕೋಡುಬಳೆ ಮಾಡುವ ನಮ್ಮ ಮನೆಯ ಹೆಂಗಸರ ಕೈಯೇ. ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಕ್ರಿಸ್‌ಮಸ್ಸಿನ ಹೊತ್ತಿಗೆ ಮನೆಮನೆಯಲ್ಲಿ ಕರಿಯುತ್ತಾರೆ, ಈಗ ಬೇಕರಿಗಳಲ್ಲಿ ಬೇರೆ ದಿನಗಳಲ್ಲೂ ಸಿಗುತ್ತದೆ. ಜೇನು ಹಚ್ಚಿಕೊಂಡು ತಿನ್ನುವವರಿದ್ದಾರೆ, ಉಪ್ಪು ಗಿಣ್ಣಿನ ಜೊತೆ ತಿನ್ನುವವರೂ. ಇಷ್ಟೊಂದು ಎಣ್ಣೆಯಲ್ಲಿ ಕರಿಯುವ ಧಾರಾಳತನ ಎಲ್ಲಿಂದ ಬಂತೆಂದರೆ, ಸುತ್ತಲ ಪ್ರತಿ ಮೆಟ್ಟಿಲು ಹೊಲದಲ್ಲೂ ಆಲಿವ್ ಇದೆ. ಬಹುಪಾಲು ಕೊರೊನೈಕಿ ಎಂಬ ತಳಿ, ಕಾಯಿ ಚಿಕ್ಕದು, ಎಣ್ಣೆ ಹೆಚ್ಚು.

ಇನ್ನು ಬೆಟ್ಟದ ದಾರಿ. ಹಳೆಯ ಊರಿನ ಹಿಂದಿನಿಂದ ಕಲ್ಲು ಹಾಸಿದ ಹಾದಿಯೊಂದು ಏರುತ್ತದೆ. ವಾಹನದ ರಸ್ತೆ ಬರುವ ಮುಂಚೆ ಊರಿಂದ ಊರಿಗೆ ಕತ್ತೆ, ಹೇಸರಗತ್ತೆಗಳು ಓಡಾಡಿದ ಹಾದಿ ಇದು. ಕಲ್ಲುಗಳನ್ನು ಅಂಚಿನ ಮೇಲೆ ನಿಲ್ಲಿಸಿ ಜೋಡಿಸಿದ್ದಾರೆ, ನಡುನಡುವೆ ಅಡ್ಡಕ್ಕೆ ಮೆಟ್ಟಿಲಿನಂತೆ ಎತ್ತರಿಸಿದ್ದಾರೆ. ಮಳೆನೀರು ಹಾದಿಯನ್ನು ಕೊಚ್ಚದಂತೆ ಪಕ್ಕಕ್ಕೆ ಹರಿಯಲಿ, ಪ್ರಾಣಿಯ ಗೊರಸು ಜಾರದಿರಲಿ ಎಂದು. ಸಿಮೆಂಟಿಲ್ಲ, ಗಾರೆಯಿಲ್ಲ. ಸ್ವಲ್ಪ ಹತ್ತಿದರೆ ಪಕ್ಕದ ಬಂಡೆಯಲ್ಲಿ ಕೊರೆದ ಎರಡು ಗೋರಿಗಳು. ಅವು ಕ್ಯಾಸ್ಟರ್ ಮತ್ತು ಪಾಲಿಡ್ಯೂಕಸ್ ಎಂಬ ಅವಳಿ ದೇವತೆಗಳ ಸಮಾಧಿ ಎಂದು ಊರಿನ ನಂಬಿಕೆ. ಕುದುರೆ ಏರಿ ಬಂದು ಆಪತ್ತಿನಲ್ಲಿದ್ದವರನ್ನು ಕಾಯುವ ಈ ಅವಳಿಗಳನ್ನೂ ನಮ್ಮ ಅಶ್ವಿನೀದೇವತೆಗಳನ್ನೂ ವಿದ್ವಾಂಸರು ಬಹುಕಾಲದಿಂದ ಅಕ್ಕಪಕ್ಕ ಇಟ್ಟು ನೋಡುತ್ತ ಬಂದಿದ್ದಾರೆ. ನಕುಲ ಸಹದೇವರ ಕತೆ ಕೇಳಿ ಬೆಳೆದವರು ಅಲ್ಲಿ ಒಂದು ಗಳಿಗೆ ಹೆಚ್ಚು ನಿಲ್ಲುತ್ತಾರೆ.

ಮುಂದೆ ಹತ್ತಿದರೆ ಆಗಿಯಾ ಸೋಫಿಯಾ ಎಂಬ ಹಳ್ಳಿ, ಅಂಚಿಗೆ ಅದೇ ಹೆಸರಿನ ಚರ್ಚು. ಅಲ್ಲಿಂದ ಪೆಟ್ರೊವೂನಿ ಹಳ್ಳಿಯ ಮೇಲೆ ಸುತ್ತಿ ಊರಿಗೆ ಇಳಿಯಬಹುದು. ಕಾಲಿಗೆ ಬಲವಿದ್ದರೆ ಇನ್ನೊಂದು ಬದಿಗೆ ವೀರೋಸ್ ಕಮರಿಗೆ ಇಳಿಯಬಹುದು. ಟೈಗೆಟಸ್‌ನಿಂದ ಕಾರ್ದಮಿಲಿಯವರೆಗೆ ಸೀಳಿಕೊಂಡು ಬಂದ ಈ ಕಮರಿಯ ತಳ ವರ್ಷದ ಬಹುಭಾಗ ಒಣಗಿರುತ್ತದೆ. ಹಿಂದೆ ಸ್ಪಾರ್ಟಾದಿಂದ ಕಡಲಿಗೆ ಬರುವ ದಾರಿ ಇದೇ ಆಗಿತ್ತೆಂದು ಹೇಳುತ್ತಾರೆ. ತಳದಲ್ಲಿ ಹಾಳುಬಿದ್ದ ಮಠವೊಂದು ಮರಗಳ ನಡುವೆ ಅವಿತಿದೆ. ನೆರಳಿದೆ, ಆದರೆ ಕಾಲಡಿಯಲ್ಲಿ ದಪ್ಪ ಉರುಟು ಕಲ್ಲುಗಳು, ಜುಲೈ ಆಗಸ್ಟಿನಲ್ಲಿ ಗಾಳಿಯಾಡದು. ನೀರು, ಗಟ್ಟಿ ಬೂಟು ಇಲ್ಲದೆ ಇಳಿಯಬಾರದು.

ಈ ಊರಿನ ಹೆಸರು ಹೋಮರನ ಇಲಿಯಡ್ಡಿನಲ್ಲೇ ಬರುತ್ತದೆ. ಮುನಿಸಿಕೊಂಡು ಯುದ್ಧ ಬಿಟ್ಟು ಕೂತ ಅಕಿಲೀಸನನ್ನು ಒಲಿಸಲು ಗ್ರೀಕ್ ಪಡೆಯ ನಾಯಕ ಅಗಮೆಮ್ನಾನ್ ಏಳು ಊರುಗಳನ್ನು ಬಳುವಳಿ ಕೊಡುತ್ತೇನೆನ್ನುತ್ತಾನೆ. ಅವುಗಳಲ್ಲಿ ಮೊದಲ ಹೆಸರು ಕಾರ್ದಮಿಲಿ. ಆ ಸಂದೇಶ ಹೊತ್ತು ಅಕಿಲೀಸನ ಡೇರೆಗೆ ಹೋದವರಲ್ಲಿ ಒಬ್ಬ ಏಜಾಕ್ಸ್. ಅವನು ಕನ್ನಡಿಗರಿಗೆ ಅಪರಿಚಿತನಲ್ಲ. ಸೊಫೊಕ್ಲಿಸ್ ಅವನ ಮೇಲೆ ಬರೆದ ದುರಂತ ನಾಟಕವನ್ನು ಮಹಾಭಾರತಕ್ಕೆ ತಂದು ಬಿ.ಎಂ.ಶ್ರೀ. ‘ಅಶ್ವತ್ಥಾಮನ್’ ಬರೆದರು. ಅಕಿಲೀಸ್ ಏಳೂ ಊರುಗಳನ್ನು ಬೇಡವೆಂದ. ನನಗೆ ಈ ಪ್ರಸಂಗದಲ್ಲಿ ಯಾವಾಗಲೂ ಕಾಡುವುದು ಇದು: ಅಲ್ಲಿ ಬೇಸಾಯ ಮಾಡಿಕೊಂಡಿದ್ದವರನ್ನು ಯಾರೂ ಕೇಳಲಿಲ್ಲ.

ಬರಹಗಾರರು ಮಾತ್ರ ಈ ಊರನ್ನು ಬೇಡವೆನ್ನಲಿಲ್ಲ. ಬ್ರಿಟಿಷ್ ಲೇಖಕ ಪ್ಯಾಟ್ರಿಕ್ ಲೀ ಫರ್ಮರ್ 1933ರಲ್ಲಿ, ಹದಿನೆಂಟರ ಹರೆಯದಲ್ಲಿ, ಹಾಲೆಂಡಿನಿಂದ ಇಸ್ತಾಂಬುಲ್‌ಗೆ ಕಾಲ್ನಡಿಗೆಯಲ್ಲಿ ಹೊರಟವನು. ಎರಡನೇ ಮಹಾಯುದ್ಧದಲ್ಲಿ, 1944ರಲ್ಲಿ, ಕ್ರೀಟ್ ದ್ವೀಪದಲ್ಲಿ ಜರ್ಮನ್ ಜನರಲ್ ಕ್ರೈಪೆಯನ್ನು ಅಲ್ಲಿನ ಹೋರಾಟಗಾರರ ಜೊತೆ ಸೇರಿ ಅಪಹರಿಸಿದವನು. ಅವನು ಕಾರ್ದಮಿಲಿಗೆ ಮೊದಲು ಬಂದದ್ದು ಕಡಲಿನಿಂದಲ್ಲ, ಟೈಗೆಟಸ್ ದಾಟಿ. ಆ ಪ್ರಯಾಣದ ಪುಸ್ತಕ ‘ಮಾನಿ’ 1958ರಲ್ಲಿ ಬಂತು. 1960ರ ದಶಕದಲ್ಲಿ ಊರಾಚೆಯ ಕಲಮಿತ್ಸಿಯಲ್ಲಿ ಅವನೂ ಹೆಂಡತಿ ಜೋನ್‌ಳೂ ಮನೆ ಕಟ್ಟಿಸಿದರು. ಕಲ್ಲು ಅಲ್ಲಿಯದೇ, ಕೆಲಸಗಾರರು ಅಲ್ಲಿಯವರೇ. ಅಂಗಳದ ನೆಲದಲ್ಲಿ ದಡದ ಉರುಟು ಕಲ್ಲುಗಳನ್ನೇ ಜೋಡಿಸಿ ಬಿಡಿಸಿದ ಚಿತ್ತಾರಗಳಿವೆ. 2011ರಲ್ಲಿ 96ರ ವಯಸ್ಸಿನಲ್ಲಿ ಅವನು ತೀರಿಕೊಂಡ ಮೇಲೆ ಮನೆ ಅಥೆನ್ಸಿನ ಬೆನಾಕಿ ಮ್ಯೂಸಿಯಂ ಕೈಗೆ ಬಂತು. ದುರಸ್ತಿಯಾಗಿದೆ, ಮೊದಲೇ ತಿಳಿಸಿ ಹೋಗಿ ನೋಡಬಹುದು. 2013ರ ‘ಬಿಫೋರ್ ಮಿಡ್‌ನೈಟ್’ ಸಿನಿಮಾದಲ್ಲಿ ಎಲ್ಲರೂ ಹೊರಗೆ ಕೂತು ಉಣ್ಣುವ ದೃಶ್ಯ ನೆನಪಿದ್ದವರಿಗೆ ಆ ಅಂಗಳ ಗುರುತು ಹತ್ತುತ್ತದೆ. ಅವನ ಗೆಳೆಯ ಬ್ರೂಸ್ ಚಾಟ್ವಿನ್ ತನ್ನ ‘ಸಾಂಗ್‌ಲೈನ್ಸ್’ ಪುಸ್ತಕದ ಸ್ವಲ್ಪ ಭಾಗವನ್ನು ಕಾರ್ದಮಿಲಿಯಲ್ಲಿ ಕೂತು ಬರೆದ. 1989ರಲ್ಲಿ ಇನ್ನೂ ನಲವತ್ತೆಂಟಕ್ಕೇ ತೀರಿಕೊಂಡಾಗ ಅವನ ಬೂದಿಯನ್ನು ಮೇಲಿನ ಬೆಟ್ಟದಲ್ಲಿ ಬೈಜಾಂಟೀನ್ ಕಾಲದ ಒಂದು ಪುಟ್ಟ ಚರ್ಚಿನ ಪಕ್ಕ ಮಣ್ಣಿಗೆ ಸೇರಿಸಿದರು. ಇಷ್ಟು ದೂರ ಅಲೆದವನಿಗೂ ಕಡೆಗೆ ಬೇಕೆನಿಸಿದ್ದು ದಡವಲ್ಲ, ಬೆಟ್ಟ.

ಪಕ್ಕದ ಸ್ತೂಪಾ ಊರಿಗೆ ಇನ್ನೊಂದು ನಂಟು. 1917ರಲ್ಲಿ, ಮೊದಲ ಮಹಾಯುದ್ಧದ ಕಲ್ಲಿದ್ದಲ ಬರದ ದಿನಗಳಲ್ಲಿ, ಗ್ರೀಕ್ ಕಾದಂಬರಿಕಾರ ನಿಕೋಸ್ ಕಜಾಂಟ್ಜಾಕಿಸ್ ಅಲ್ಲಿಗೆ ಹತ್ತಿರದ ಪ್ರಾಸ್ತೋವಾದಲ್ಲಿ ಲಿಗ್ನೈಟ್ ಗಣಿ ನಡೆಸಲು ಹೊರಟ. ಜೊತೆಗಿದ್ದ ಮೇಸ್ತ್ರಿಯ ಹೆಸರು ಗಿಯೋರ್ಗಿಸ್ ಜೋರ್ಬಾಸ್. ಗಣಿ ಕೈಹತ್ತಲಿಲ್ಲ. ಸುಮಾರು ಮೂವತ್ತು ವರ್ಷದ ಮೇಲೆ, 1946ರಲ್ಲಿ, ಆ ಮೇಸ್ತ್ರಿ ‘ಜೋರ್ಬಾ ದ ಗ್ರೀಕ್’ ಕಾದಂಬರಿಯಾಗಿ ಹೊರಬಂದ. ಕಾದಂಬರಿ ನಡೆಯುವುದು ಕ್ರೀಟಿನಲ್ಲಾದರೂ ಅದರ ಬೇರು ಈ ದಡದಲ್ಲಿದೆ.

ಈಗಿನ ಸಂಕಟವನ್ನೂ ಹೇಳಬೇಕು. ಒಂದು ಕೋಟಿಗಿಂತ ಸ್ವಲ್ಪ ಹೆಚ್ಚು ಜನಸಂಖ್ಯೆಯ ದೇಶಕ್ಕೆ ವರ್ಷಕ್ಕೆ ಮೂರು ಕೋಟಿಗೂ ಹೆಚ್ಚು ಪ್ರವಾಸಿಗರು ಬರುತ್ತಾರೆ. ಗ್ರೀಸಿನಲ್ಲಿ ಕಡಲದಡ ಕಾನೂನಿನ ಪ್ರಕಾರ ಎಲ್ಲರ ಸ್ವತ್ತು. ಆದರೂ ದ್ವೀಪಗಳಲ್ಲಿ ಬಾಡಿಗೆ ಕುರ್ಚಿ, ಛತ್ರಿಗಳ ಸಾಲು ನೀರಿನ ಅಂಚಿನವರೆಗೆ ಬಂದು, ಊರಿನವರಿಗೆ ಒಂದು ಟವೆಲ್ ಹಾಸಲು ಜಾಗವಿಲ್ಲದಂತಾಯಿತು. 2023ರ ಬೇಸಿಗೆಯಲ್ಲಿ ಪಾರೋಸ್ ದ್ವೀಪದ ಜನ ಟವೆಲ್ ಹಿಡಿದು ಬೀದಿಗಿಳಿದರು, ‘ಟವೆಲ್ ಚಳವಳಿ’ ಬೇರೆ ದ್ವೀಪಗಳಿಗೂ ಹಬ್ಬಿತು. ಮರುವರ್ಷ ಬಂದ ಕಾನೂನು ದಡದ ಕನಿಷ್ಠ ಅರ್ಧ ಭಾಗವನ್ನು, ಸಂರಕ್ಷಿತ ಪ್ರದೇಶಗಳಲ್ಲಿ ಶೇಕಡ 70ರಷ್ಟನ್ನು ಖಾಲಿ ಬಿಡಬೇಕೆಂದಿತು. ಕುರ್ಚಿಗಳು ನೀರಿನಿಂದ ನಾಲ್ಕು ಮೀಟರ್ ಹಿಂದಿರಬೇಕು. ಇದು ನ್ಯಾಯವಾದ ಹೋರಾಟ, ಪ್ರವಾಸಿಗರೇ ಬೆಂಬಲಿಸಬೇಕಾದದ್ದು. ಕಾರ್ದಮಿಲಿಯ ಕಲ್ಲು ದಡ, ತಿರುವಿನ ರಸ್ತೆ ದೊಡ್ಡ ಗುಂಪುಗಳನ್ನು ಇದುವರೆಗೆ ಸ್ವಲ್ಪ ದೂರ ಇಟ್ಟಿವೆ. ಕಲಮಾಟದಲ್ಲಿ ವಿಮಾನ ನಿಲ್ದಾಣವಿದೆ, ಬೇಸಿಗೆಯಲ್ಲಿ ಯುರೋಪಿನ ಊರುಗಳಿಂದ ನೇರ ಬಂದಿಳಿಯುತ್ತಾರೆ. ಒಂದು ಊರಿನಲ್ಲಿ ಒಂದು ರಾತ್ರಿ ಉಳಿದು ಇನ್ನೊಂದಕ್ಕೆ ಓಡುವವರಿಗಿಂತ ಒಂದೇ ಕಡೆ ವಾರಗಟ್ಟಲೆ ಇರುವವರು ಇಂಥ ಊರಿಗೆ ಹಿತ. ಅಂಥವರ ದುಡ್ಡು ಬೇಕರಿಗೂ ತರಕಾರಿಯವಳಿಗೂ ತಲುಪುತ್ತದೆ.

ನಮ್ಮವರು ಷೆಂಗೆನ್ ವೀಸಾ ಮಾಡಿಸಿಕೊಂಡು, ನಡುವೆ ವಿಮಾನ ಬದಲಿಸಿ ಅಥೆನ್ಸ್ ಮುಟ್ಟಿದರೆ ಅಲ್ಲಿಂದ ಕಲಮಾಟಕ್ಕೆ ಬಸ್ಸಿದೆ. ಅಲ್ಲಿಂದ ಕಾರ್ದಮಿಲಿಗೆ ದಿನಕ್ಕೆ ಕೆಲವೇ ಬಸ್ಸು, ವಾರದ ಕೊನೆಗೆ ಇನ್ನೂ ಕಡಿಮೆ. ಶಾಲೆ ರಜೆಯ ಕಟ್ಟು ಇಲ್ಲದವರು ಜುಲೈ, ಆಗಸ್ಟ್ ಬಿಟ್ಟುಬಿಡುವುದು ಒಳ್ಳೆಯದು. ಮೇ ತಿಂಗಳಲ್ಲಿ ಬೆಟ್ಟದ ಹಾದಿಯ ಬದಿಗೆ ಹೂವಿರುತ್ತದೆ, ನೀರು ಮಾತ್ರ ತಣ್ಣಗೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೇಸಿಗೆಯ ಬಿಸಿ ಇನ್ನೂ ನೀರಿನಲ್ಲಿ ಉಳಿದಿರುತ್ತದೆ, ಬೆಟ್ಟ ಹತ್ತಲೂ ಹಿತ. ನನ್ನ ಮಟ್ಟಿಗೆ ಅದೇ ಸರಿಯಾದ ಕಾಲ. ನವೆಂಬರ್‌ನಲ್ಲಿ ಆಲಿವ್ ಕೊಯ್ಲು ಶುರು. ಮರದಡಿ ಬಲೆ ಹಾಸುತ್ತಾರೆ, ಕೊಂಬೆ ಜಾಡಿಸುತ್ತಾರೆ, ಸಂಜೆ ಮೂಟೆ ಹೊತ್ತ ಗಾಡಿಗಳು ಎಣ್ಣೆ ಗಾಣದ ಕಡೆ ಹೋಗುತ್ತವೆ, ಗಾಣದ ಬಾಯಿಯಿಂದ ಹಸಿರು ಎಣ್ಣೆ ಇಳಿಯುತ್ತದೆ. ಆ ತಿಂಗಳು ಹೋಗಬೇಕೆನ್ನುವವರು ಕೋಣೆ ಸಿಗುತ್ತದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಬೇಕು. ಹಗಲು ಹೊತ್ತು ಯಾರೂ ಎತ್ತದಿದ್ದರೆ ಕತ್ತಲಾದ ಮೇಲೆ ಇನ್ನೊಮ್ಮೆ ಮಾಡಿ, ಮನೆಯವರು ತೋಟದಲ್ಲಿರುತ್ತಾರೆ.